ಸೀಳುತುಟಿ ಆಪರೇಷನ್ ಚೆನ್ನಾಗಿ ಆಗಿದೆಯಾ? ನೋಡುವುದು ಹೇಗೆ, ಯಾವಾಗ?

ಪ್ರಶ್ನೆ: ನಮ್ಮದು ಕುಮಟಾ ಹತ್ತಿರದ ಊರು. ಮಗಳು ಹುಟ್ಟಿದಾಗ ಎಡಗಡೆ ಮೇಲ್ದುಟಿ ಮೂಗಿನ ಹೊಳ್ಳೆಯವರೆಗೂ ಸೀಳಿಕೊಂಡಿತ್ತು. ಮುಂದಿನ ಒಸಡಿನಲ್ಲೂ ಸೀಳು ಇತ್ತು, ಅಂಗುಳ ಸರಿಯಿದೆ ಎಂದರು. ಐದು ತಿಂಗಳಾದಾಗ ಆಪರೇಷನ್ ಮಾಡಿಸಿದೆವು. ಈಗ ಅದಾಗಿ ಮೂರು ತಿಂಗಳು. ಹೊಲಿಗೆ ತೆಗೆದಾಗ ಎಷ್ಟು ಚೆಂದ ಇತ್ತು! ಈಗ ಗೆರೆ ಕೆಂಪಾಗಿ ದಪ್ಪಗಾಗಿದೆ. ತುಟಿ ಆ ಕಡೆ ಮೇಲಕ್ಕೆ ಎಳೆದ ಹಾಗೆ ಕಾಣುತ್ತದೆ. ಶಿರಸಿ ಜಾತ್ರೆಯಲ್ಲಿ ಸಿಕ್ಕಿದ ನೆಂಟರು ‘ಮೂಗು ಚಪ್ಪಟೆ ಉಳಿದಿದೆ, ಬೇರೆ ಕಡೆ ಮಾಡಿಸಬೇಕಿತ್ತು’ ಎಂದರು. ನಮ್ಮ ಅತ್ತೆ ಮಾತ್ರ ‘ಇದಕ್ಕಿಂತ ಇನ್ನೆಷ್ಟು ಚೆಂದ ಬೇಕು’ ಅನ್ನುತ್ತಾರೆ. ಆಪರೇಷನ್ ಚೆನ್ನಾಗಿ ಆಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೊಂದು ಅಳತೆ ಉಂಟಾ? ಮತ್ತೊಮ್ಮೆ ಮಾಡಿಸಬೇಕಾ?

ಉತ್ತರ: ತುಟಿ ಅತಿ ಕೆಟ್ಟದಾಗಿ ಕಾಣುವ ಹೊತ್ತು ನೋಡಿಕೊಂಡೇ ನೀವು ಜಾತ್ರೆಗೆ ಹೋದ ಹಾಗಿದೆ. ಹೊಲಿಗೆ ತೆಗೆದ ವಾರ ಗೆರೆ ತೆಳ್ಳಗೆ, ಚೊಕ್ಕವಾಗಿ ಇರುತ್ತದೆ. ಆಮೇಲೆ ಗಾಯದೊಳಗೆ ಹೊಸ ನಾರು ತುಂಬಲು ಶುರುವಾಗುತ್ತದೆ. ಸುಮಾರು ಆರು ವಾರದಿಂದ ಮೂರು ತಿಂಗಳವರೆಗೆ ಗೆರೆ ಕೆಂಪಾಗುತ್ತದೆ, ಗಟ್ಟಿಯಾಗುತ್ತದೆ, ಉದ್ದದಲ್ಲಿ ಕುಗ್ಗುತ್ತದೆ. ಗೆರೆ ಕುಗ್ಗಿದರೆ ತುಟಿ ಮೂಗಿನ ಕಡೆಗೆ ಏರುತ್ತದೆ. ನೀವು ಬರೆದಿರುವುದು ಇದನ್ನೇ. ಆರನೇ ತಿಂಗಳಿಂದ ನಿಧಾನಕ್ಕೆ ಮೆತ್ತಗಾಗುತ್ತದೆ. ಒಂದು, ಒಂದೂವರೆ ವರ್ಷದಲ್ಲಿ ಕೆಂಪು ಇಳಿದು, ಏರಿದ ತುಟಿ ಬಹಳಷ್ಟು ಕೆಳಗೆ ಬರುತ್ತದೆ. ಹೊಲಿಗೆ ಬಿಟ್ಟು ಗಾಯ ತೆರೆದುಕೊಂಡಿದ್ದರೆ ಬೇರೆ ಮಾತು. ಇಲ್ಲವಾದರೆ ಒಂದು ವರ್ಷದ ಒಳಗೆ ಇನ್ನೊಂದು ಆಪರೇಷನ್ ಸುದ್ದಿ ಬೇಡ.

ಅಲ್ಲಿಯವರೆಗೆ ಮಾಡುವುದು ಕಡಿಮೆ. ನಮ್ಮ ಚರ್ಮದ ಬಣ್ಣದವರಿಗೆ ಗಾಯದ ಗೆರೆ ಉಬ್ಬುವುದು, ಕಪ್ಪಾಗುವುದು ಬಿಳಿಯರಿಗಿಂತ ಜಾಸ್ತಿ. ಕರಾವಳಿಯ ಬಿಸಿಲು ಬಿದ್ದರಂತೂ ಹೊಸ ಗೆರೆ ಬೇಗ ಕಪ್ಪಿಡುತ್ತದೆ. ಹೊರಗೆ ಕರೆದುಕೊಂಡು ಹೋಗುವಾಗ ಅಂಚಿರುವ ಟೊಪ್ಪಿ ಹಾಕಿ. ಸಿಲಿಕಾನ್ ಜೆಲ್ ಹೇಳಿದ್ದರೆ ತೆಳ್ಳಗೆ ಹಚ್ಚಿ, ಮಗು ನೆಕ್ಕದ ಹಾಗೆ ನೋಡಿಕೊಳ್ಳಿ. ಬೆರಳ ತುದಿಯಿಂದ ಒತ್ತಿ ಮಸಾಜ್ ಮಾಡಲು ಹೆಚ್ಚಿನ ಡಾಕ್ಟರುಗಳು ಹೇಳುತ್ತೇವೆ. ಅದರಿಂದ ಎಷ್ಟು ಲಾಭ ಎನ್ನುವುದಕ್ಕೆ ಗಟ್ಟಿ ಆಧಾರ ಕಡಿಮೆ, ನಷ್ಟವೂ ಇಲ್ಲ. ಮಸಾಜ್‌ಗೆ ತೆಂಗಿನೆಣ್ಣೆ ಸಾಕು. ಅರಿಶಿನ, ಬೇರಿನ ಲೇಪ ಯಾವುದೂ ಬೇಡ.

ಇನ್ನು ನಿಮ್ಮ ಅತ್ತೆ ಮತ್ತು ನೆಂಟರ ಜಗಳ. ನನ್ನ ಲೆಕ್ಕದಲ್ಲಿ ಇಬ್ಬರೂ ಸುಳ್ಳು ಹೇಳಿಲ್ಲ. ಅತ್ತೆ ಮಗುವನ್ನು ಹುಟ್ಟಿದ ದಿನ ನೋಡಿದ್ದಾರೆ, ಅವರ ಮನಸ್ಸಿನಲ್ಲಿ ಹೋಲಿಕೆ ಇರುವುದು ಆ ಮುಖದ ಜೊತೆ. ನೆಂಟರು ಹೋಲಿಸಿದ್ದು ಜಾತ್ರೆಯಲ್ಲಿ ಕಂಡ ಉಳಿದ ಮಕ್ಕಳ ಜೊತೆ. ಸರ್ಜನ್ ಕೆಲಸವನ್ನು ಅಳೆಯುವಾಗ ಅತ್ತೆಯ ದಾರಿಯೇ ಸರಿ. ತುಟಿಯ ಅರ್ಧಕ್ಕೆ ನಿಂತ ಸಣ್ಣ ಸೀಳನ್ನು ಸಾಧಾರಣ ಕೈಯೂ ಚೆನ್ನಾಗಿ ಮುಚ್ಚುತ್ತದೆ. ನಿಮ್ಮ ಮಗಳದ್ದು ಹಾಗಲ್ಲ, ಹೊಳ್ಳೆಯ ಬುಡ ದಾಟಿ ಒಸಡಿನವರೆಗೆ ಹೋದ ಪೂರ್ತಿ ಸೀಳು. ಆಪರೇಷನ್‌ಗೆ ಮುಂಚಿನ ಫೋಟೋ ನೋಡದೆ ಇಂದಿನ ತುಟಿಗೆ ಅಂಕ ಕೊಡುವುದು ಅನ್ಯಾಯ. ಎಷ್ಟೋ ಮನೆಗಳಲ್ಲಿ ಆ ಫೋಟೋವನ್ನು ಬೇಕೆಂದೇ ಅಳಿಸಿರುತ್ತಾರೆ. ಸಂಕಟ ಅರ್ಥವಾಗುತ್ತದೆ, ಆದರೂ ಒಂದು ಕಡೆ ಇಟ್ಟುಕೊಳ್ಳಿ. ಮುಂದೆ ಹತ್ತಾರು ಸಲ ಬೇಕಾಗುತ್ತದೆ.

ಈಗ ನಾವು ನೋಡುವುದು ಏನನ್ನು ಎಂದು ಹೇಳುತ್ತೇನೆ. ಎಲ್ಲರ ಕಣ್ಣೂ ಮೊದಲು ಹೋಗುವುದು ಹೊಲಿಗೆಯ ಗೆರೆಗೆ. ನನ್ನ ಕಣ್ಣು ಹೋಗುವುದು ಅಂಚಿಗೆ. ಕನ್ನಡಿಯ ಮುಂದೆ ನಿಂತು ನಿಮ್ಮದೇ ಮೇಲ್ದುಟಿ ನೋಡಿಕೊಳ್ಳಿ. ಚರ್ಮ ಮುಗಿದು ಕೆಂಪು ಶುರುವಾಗುವಲ್ಲಿ ಸ್ವಲ್ಪ ಉಬ್ಬಿದ, ಬೆಳಕಿಗೆ ಬೆಳ್ಳಗೆ ಕಾಣುವ ಒಂದು ಸಣ್ಣ ದಿಂಡು ಇದೆ. ಆಪರೇಷನ್ ಆದ ತುಟಿಯಲ್ಲಿ ಈ ದಿಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಡೆಯಿಲ್ಲದೆ ಹರಿಯಬೇಕು. ಒಂದು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಎದುರು ಕೂತು ಮಾತಾಡುವವರಿಗೆ ಕಾಣುತ್ತದೆ. ಸೀರೆಗೆ ಜೋಡಣೆ ಕೊಡುವಾಗ ಅಂಚು ಒಂದು ನೂಲು ತಪ್ಪಿದರೂ ಕಣ್ಣು ಅಲ್ಲೇ ಹೋಗಿ ನಿಲ್ಲುತ್ತದೆ ಅಲ್ವಾ, ಹಾಗೆ. ಇಷ್ಟು ಪುಟ್ಟ ಮಗುವಿನ ಮೇಲ್ದುಟಿಯ ಎತ್ತರವೇ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ಅದಕ್ಕೇ ಕತ್ತಿ ಇಡುವ ಮೊದಲು ಸೂಜಿಯಲ್ಲಿ ನೀಲಿ ಬಣ್ಣದ ಚುಕ್ಕಿ ಇಟ್ಟು, ಅಳೆದು, ಮತ್ತೆ ಅಳೆಯುತ್ತೇವೆ.

ಅಂಚಿನ ಮೇಲೆ ನಡುವಿನಲ್ಲಿ ಬಿಲ್ಲಿನ ಬಾಗು ಇರುತ್ತದೆ. ಅದರ ಎರಡು ತುದಿಗಳು ಒಂದೇ ಮಟ್ಟದಲ್ಲಿವೆಯಾ ನೋಡಿ. ಹೊಲಿದ ಕಡೆಯ ತುದಿ ವರ್ಷ ಕಳೆದ ಮೇಲೂ ಮೇಲೇ ಉಳಿದರೆ ಆ ಕಡೆ ತುಟಿ ಗಿಡ್ಡವಾಗಿದೆ ಎಂದರ್ಥ. ನಾವು ಹೆಚ್ಚಾಗಿ ಕಾಣುವ ಕೊರತೆ ಇದು. ಆಮೇಲೆ ಕೆಂಪು ಭಾಗ. ಅದರಲ್ಲೂ ಎರಡು ಬಗೆ ಇದೆ. ಹೊರಗಿನದು ಒಣಗಿದ್ದು, ಒಳಗಿನದು ಒದ್ದೆಯದು. ಒದ್ದೆ ಭಾಗ ಹೊರಗೆ ಬಂದು ಸೇರಿಕೊಂಡಿದ್ದರೆ ಅಲ್ಲಿ ತುಟಿ ಯಾವಾಗಲೂ ಒಡೆದು ಸಿಪ್ಪೆ ಏಳುತ್ತಿರುತ್ತದೆ. ತಾಯಂದಿರು ಚಳಿಗೆ ಒಡೆದಿದೆ ಎಂದುಕೊಂಡು ತುಪ್ಪ ಹಚ್ಚುತ್ತಲೇ ಇರುತ್ತಾರೆ.

ಯಾವ ವಿಧಾನದಲ್ಲಿ ಮಾಡಿದರು ಎಂದು ಈಗ ಕೆಲವರು ಮೊಬೈಲಿನಲ್ಲಿ ಓದಿಕೊಂಡು ಬಂದು ಕೇಳುತ್ತಾರೆ. 1952ರಲ್ಲಿ ಟೆನಿಸನ್ ಅನ್ನುವವರು ತ್ರಿಕೋನದ ತುಂಡೊಂದನ್ನು ನಡುವೆ ಕೂರಿಸುವ ಕ್ರಮ ತಂದರು. ತುಟಿಯ ಉದ್ದ ಚೆನ್ನಾಗಿ ಸಿಗುತ್ತದೆ, ಆದರೆ ಗೆರೆ ಮೂಗಿನ ಕೆಳಗಿನ ತೋಡಿಗೆ ಅಡ್ಡ ಬರುತ್ತದೆ. 1955ರಲ್ಲಿ ಸ್ಟಾಕ್‌ಹೋಮ್‌ನ ಸಮ್ಮೇಳನದಲ್ಲಿ ರಾಲ್ಫ್ ಮಿಲಾರ್ಡ್ ಬೇರೆ ದಾರಿ ತೋರಿಸಿದರು. ನಡುವಿನ ಭಾಗವನ್ನು ಕೆಳಕ್ಕೆ ತಿರುಗಿಸುವುದು, ಪಕ್ಕದ ಭಾಗವನ್ನು ಮುಂದಕ್ಕೆ ತಂದು ಆ ಜಾಗ ತುಂಬುವುದು. ಗೆರೆ ಆ ತೋಡಿನ ಪಕ್ಕದ ಏಣಿನ ಮೇಲೇ ಬಂದು ಅಡಗಿಕೊಳ್ಳುತ್ತದೆ. 2005ರಲ್ಲಿ ಬಂದ ಫಿಷರ್ ವಿಧಾನವೂ ಗೆರೆಯನ್ನು ಮುಖದ ಸಹಜ ಗಡಿಗಳಲ್ಲೇ ಅಡಗಿಸುವ ಪ್ರಯತ್ನ. ಇವತ್ತು ಹೆಚ್ಚಿನ ಕಡೆ ನಡೆಯುವುದು ಮಿಲಾರ್ಡ್ ಅಥವಾ ಫಿಷರ್, ಇಲ್ಲವೇ ಅವುಗಳದ್ದೇ ಬದಲಾದ ರೂಪ. ನನ್ನ ಅನುಭವದಲ್ಲಿ ವಿಧಾನದ ಹೆಸರಿಗಿಂತ ಆ ಕೈ ವರ್ಷಕ್ಕೆ ಎಷ್ಟು ತುಟಿ ಹೊಲಿಯುತ್ತದೆ ಅನ್ನುವುದು ದೊಡ್ಡದು.

ಇಲ್ಲಿವರೆಗೆ ಹೇಳಿದ್ದೆಲ್ಲ ಸುಮ್ನೆ ಇರುವ ತುಟಿಯ ಮಾತು. ಸುಮ್ನಿರುವ ತುಟಿ ಮೋಸ ಮಾಡುತ್ತದೆ. ಬಾಯಿಯ ಸುತ್ತ ಉಂಗುರದ ಹಾಗೆ ಒಂದು ಸ್ನಾಯು ಇದೆ. ಸೀಳಿದ್ದಲ್ಲಿ ಅದೂ ತುಂಡಾಗಿ, ಅದರ ತುದಿಗಳು ಮೂಗಿನ ಬುಡಕ್ಕೆ ಅಂಟಿಕೊಂಡಿರುತ್ತವೆ. ಚರ್ಮ ಮಾತ್ರ ಹೊಲಿದು ಸ್ನಾಯುವನ್ನು ಬಿಡಿಸಿ ಸೇರಿಸದಿದ್ದರೆ ಫೋಟೋದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಮಗು ಬಾಯಿ ಮುದುಡಿದ ಕೂಡಲೇ ಗೆರೆಯ ಪಕ್ಕ ಒಂದು ಗಂಟು ಉಬ್ಬುತ್ತದೆ. ಸ್ವಲ್ಪ ದೊಡ್ಡ ಮಕ್ಕಳು ಬಂದರೆ ನಾನು ಮೇಜಿನ ಡ್ರಾಯರಿನಿಂದ ಒಂದು ಜಾತ್ರೆ ಪೀಪಿ ತೆಗೆದು ಊದಲು ಕೊಡುತ್ತೇನೆ. ಕ್ಲಿನಿಕ್ಕೆಲ್ಲ ಗಲಾಟೆ, ಸಿಸ್ಟರ್‌ಗೆ ಸಿಟ್ಟು. ಆದರೆ ಊದುವಾಗ ತುಟಿ ಎರಡೂ ಕಡೆ ಸಮನಾಗಿ ಕೂಡುತ್ತದಾ, ಗಾಳಿ ಒಂದೇ ಬದಿಯಿಂದ ಸೋರುತ್ತದಾ, ಗಂಟು ಏಳುತ್ತದಾ ಎಂದು ಆ ಎರಡು ನಿಮಿಷದಲ್ಲೇ ಗೊತ್ತಾಗುತ್ತದೆ. ನಿಮ್ಮ ಮಗಳು ಪೀಪಿ ಊದುವಷ್ಟು ದೊಡ್ಡವಳಲ್ಲ. ಅವಳು ಅಳುವಾಗ, ನಗುವಾಗ, ಹಾಲು ಚೀಪುವಾಗ ನೋಡಿ.

ಇನ್ನು ಮೂಗು. ನೆಂಟರು ಹೇಳಿದ್ದು ಮೂಗಿನ ಬಗ್ಗೆಯೇ, ಮತ್ತು ಅವರ ಕಣ್ಣು ತಪ್ಪು ಜಾಗಕ್ಕೆ ಹೋಗಿಲ್ಲ. ವರ್ಷಗಳು ಕಳೆದ ಮೇಲೆ ಸೀಳುತುಟಿಯ ಗುಟ್ಟು ಬಿಟ್ಟುಕೊಡುವುದು ತುಟಿಗಿಂತ ಜಾಸ್ತಿ ಮೂಗು. ಎಡಗಡೆ ಸೀಳಿದ್ದರೆ ಎಡ ಹೊಳ್ಳೆಯ ಬುಡ ಹೊರಕ್ಕೂ ಕೆಳಕ್ಕೂ ಹಿಂದಕ್ಕೂ ಸರಿದಿರುತ್ತದೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂತುದಿ ಬಲಕ್ಕೆ ವಾಲಿರುತ್ತದೆ. ಹೊಳ್ಳೆಯನ್ನು ಎತ್ತಿ ಹಿಡಿಯಬೇಕಾದ ಮೆದು ಎಲುಬು ಕುಸಿದು ಚಪ್ಪಟೆಯಾಗಿರುತ್ತದೆ. ಮೊದಲ ಆಪರೇಷನ್‌ನಲ್ಲೇ ಇದನ್ನು ಆದಷ್ಟು ಎತ್ತಿ ಕೂರಿಸುತ್ತೇವೆ. ಕೆಲವು ಕಡೆ ಹುಟ್ಟಿದ ಮೊದಲ ವಾರಗಳಿಂದಲೇ ಬಾಯಿಗೆ ಒಂದು ಅಚ್ಚು ಕೂರಿಸಿ ಒಸಡನ್ನು ಹತ್ತಿರ ತರುತ್ತಾರೆ, ಅದರಿಂದ ಮೇಲೆದ್ದ ಸಣ್ಣ ಕಡ್ಡಿಯಿಂದ ಹೊಳ್ಳೆಯನ್ನು ಎತ್ತುತ್ತಾರೆ. ನ್ಯೂಯಾರ್ಕಿನ ಗ್ರೇಸನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಕ್ರಮ ಅದು. ಹಸುಗೂಸಿನ ಮೆದು ಎಲುಬು ಮೊದಲ ಕೆಲವು ವಾರ ಹೇಳಿದ ಹಾಗೆ ಕೇಳುತ್ತದೆ, ಆಮೇಲೆ ಹಠ ಹಿಡಿಯುತ್ತದೆ. ವಾರ ವಾರ ಬಂದು ಅಚ್ಚು ಸರಿಮಾಡಿಸಬೇಕು. ಘಟ್ಟ ಹತ್ತಿ ಹುಬ್ಬಳ್ಳಿ ಧಾರವಾಡಕ್ಕೋ, ಕೆಳಗೆ ಮಣಿಪಾಲ ಮಂಗಳೂರಿಗೋ ಎಳೆಕೂಸು ಎತ್ತಿಕೊಂಡು ವಾರ ವಾರ ಓಡಾಡುವುದು ನಮ್ಮ ಜಿಲ್ಲೆಯವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅದು ಆಗಲಿಲ್ಲವೆಂದು ಈಗ ಕೊರಗಬೇಡಿ.

ನಿಮ್ಮ ಮಗಳ ಹೊಳ್ಳೆ ಚಪ್ಪಟೆ ಕಾಣಲು ಇನ್ನೂ ಒಂದು ಕಾರಣ ಇದೆ. ಒಸಡು ಸೀಳಿದೆ ಎಂದು ಬರೆದಿದ್ದೀರಿ. ಅಂದರೆ ಆ ಹೊಳ್ಳೆಯ ಕೆಳಗೆ ಆಧಾರವಾಗಿ ಇರಬೇಕಾದ ಮೂಳೆಯೇ ಇಲ್ಲ. ಎಂಥ ಸರ್ಜನ್ ಬಂದು ಹೊಲಿದರೂ ಮೂಳೆ ಇಲ್ಲದ ಜಾಗದ ಮೇಲೆ ಹೊಳ್ಳೆ ಸ್ವಲ್ಪ ಕುಸಿದೇ ಇರುತ್ತದೆ. ಸಾಮಾನ್ಯವಾಗಿ 8ರಿಂದ 11 ವರ್ಷದ ನಡುವೆ, ಕೋರೆಹಲ್ಲು ಇಳಿಯುವ ಮೊದಲು, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಆ ಸೀಳಿಗೆ ತುಂಬುತ್ತಾರೆ. ಆಗ ಹಲ್ಲಿಗೂ ಜಾಗ ಸಿಗುತ್ತದೆ, ಹೊಳ್ಳೆಗೂ ಆಧಾರ ಸಿಗುತ್ತದೆ. ‘ಬೇರೆ ಕಡೆ ಮಾಡಿಸಬೇಕಿತ್ತು’ ಎಂದವರಿಗೆ ಇದನ್ನು ಹೇಳಿ.

ಅಳತೆ ಉಂಟಾ ಎಂದು ಕೇಳಿದಿರಿ. ಉಂಟು, ಒಂದಲ್ಲ ಹಲವು. ಹೆಚ್ಚು ಬಳಕೆಯಲ್ಲಿರುವುದು 1991ರಲ್ಲಿ ಬಂದ ಆಷರ್-ಮ್ಯಾಕ್‌ಡೇಡ್ ಅಂಕಪಟ್ಟಿ. ಯುರೋಪಿನ ಆರು ಕೇಂದ್ರಗಳ ಮಕ್ಕಳನ್ನು ಹೋಲಿಸುವ ಯುರೋಕ್ಲೆಫ್ಟ್ ಅಧ್ಯಯನದಲ್ಲಿ ಅದನ್ನು ಬಳಸಿದರು. ಮೂಗಿನ ಆಕಾರ, ಮೂಗು ಎರಡೂ ಕಡೆ ಸಮ ಇದೆಯಾ, ಪಕ್ಕದಿಂದ ಮೂಗಿನ ನೋಟ, ತುಟಿಯ ಅಂಚು ಈ ನಾಲ್ಕಕ್ಕೆ ಒಂದೊಂದು ಅಂಕ. 1 ಅಂದರೆ ಬಹಳ ಚೆನ್ನ, 5 ಅಂದರೆ ತೀರಾ ಸಾಲದು. ನಾಲ್ಕರಲ್ಲಿ ಮೂರು ಮೂಗಿನದ್ದೇ ಎಂಬುದನ್ನು ಗಮನಿಸಿ. ಅಂಕ ಹಾಕುವವರಿಗೆ ಪೂರ್ತಿ ಮುಖ ತೋರಿಸುವುದಿಲ್ಲ. ಕಣ್ಣು, ಕೂದಲು, ಬಟ್ಟೆ ಎಲ್ಲ ಕತ್ತರಿಸಿ ಮೂಗು ಮತ್ತು ತುಟಿ ಮಾತ್ರ ಉಳಿಸಿದ ಫೋಟೋ ಕೊಡುತ್ತಾರೆ. ಮುದ್ದಾದ ಕಣ್ಣಿನ ಮಗುವಿಗೆ ನಾವು ತಿಳಿಯದೆಯೇ ಒಂದು ಅಂಕ ಜಾಸ್ತಿ ಕೊಟ್ಟುಬಿಡುತ್ತೇವೆ, ಅದಕ್ಕೆ. ಆಪರೇಷನ್ ಮಾಡಿದ ಸರ್ಜನ್ನೇ ಅಂಕ ಹಾಕುವ ಹಾಗಿಲ್ಲ. ಒಬ್ಬರ ಅಂಕಕ್ಕೆ ಬೆಲೆ ಇಲ್ಲ, ನಾಲ್ಕೈದು ಜನ ಬೇಕು. ಕೆಲವು ವಾರ ಬಿಟ್ಟು ಅದೇ ಫೋಟೋಗಳನ್ನು ಹಿಂದುಮುಂದು ಮಾಡಿ ಮತ್ತೆ ಕೊಡುತ್ತಾರೆ. ಮೊದಲು 2 ಕೊಟ್ಟವರು ಈಗ 4 ಕೊಟ್ಟರೆ ಅವರ ಕಣ್ಣನ್ನು ನಂಬುವಂತಿಲ್ಲ.

ಈ ಅಂಕಪಟ್ಟಿಗೂ ಮಿತಿ ಇದೆ. ಫೋಟೋ ನಗುವುದಿಲ್ಲ, ಊದುವುದಿಲ್ಲ. ಈಗ ಮುಖವನ್ನು ಮೂರು ಆಯಾಮದಲ್ಲಿ ಹಿಡಿಯುವ ಕ್ಯಾಮೆರಾಗಳು ಬಂದಿವೆ, ಎರಡು ಕಡೆಯ ವ್ಯತ್ಯಾಸವನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತವೆ. ಸಂಶೋಧನೆಗೆ ಒಳ್ಳೆಯದು. ಸಂಖ್ಯೆ ಚಿಕ್ಕದಾದ ಮಾತ್ರಕ್ಕೆ ಮುಖ ಚೆಂದ ಎಂದು ನಾನು ಒಪ್ಪುವುದಿಲ್ಲ. ಸೀಳಿಲ್ಲದವರ ಮುಖವೂ ಎರಡು ಕಡೆ ಒಂದೇ ಇರುವುದಿಲ್ಲ. ಇನ್ನು ಈ ಪಟ್ಟಿಗಳೆಲ್ಲ ಹೆಚ್ಚಾಗಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ. ಎಂಟು ತಿಂಗಳ ಕೂಸಿಗೆ ಅಂಕ ಹಾಕಿ ಏನು ಪ್ರಯೋಜನ?

ಅಂಕದ ಬದಲು ಫೋಟೋ ತೆಗೆದಿಡಿ. ಮೂರು ತಿಂಗಳಿಗೊಮ್ಮೆ ಸಾಕು. ಮೊಬೈಲಿನ ಮುಂದಿನ ಕ್ಯಾಮೆರಾ ಬೇಡ. ಕೆಲವು ಫೋನ್‌ಗಳಲ್ಲಿ ಅದು ಎಡವನ್ನು ಬಲ ಮಾಡಿ ತೋರಿಸುತ್ತದೆ, ಚರ್ಮವನ್ನು ತಾನೇ ನುಣುಪು ಮಾಡಿ ಗೆರೆಯನ್ನೇ ಮಾಯ ಮಾಡುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ನಾಲ್ಕೈದು ಅಡಿ ದೂರ ನಿಂತು, ಸ್ವಲ್ಪ ಝೂಮ್ ಮಾಡಿ ತೆಗೆಯಿರಿ. ಹತ್ತಿರ ಹೋದರೆ ಮೂಗು ಇರುವುದಕ್ಕಿಂತ ಅಗಲ ಬರುತ್ತದೆ. ಬೆಳಕು ಎದುರಿನಿಂದ ಬರಲಿ. ಮಳೆಗಾಲದಲ್ಲಿ ಒಳಗಡೆ ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಒಂದು ಪಕ್ಕಕ್ಕೆ ನೆರಳು ಬಿದ್ದು ಇಲ್ಲದ ಗುಳಿ ಕಾಣುತ್ತದೆ. ಪ್ರತಿ ಸಲವೂ ಜಗುಲಿಯಲ್ಲಿ ಅದೇ ಜಾಗ, ಅಂಗಳದ ಕಡೆ ಮುಖ. ಬಾಯಿ ಮುಚ್ಚಿದಾಗ ಎದುರಿನಿಂದ ಒಂದು, ಗದ್ದ ಎತ್ತಿಸಿ ಕೆಳಗಿನಿಂದ ಒಂದು, ಎರಡು ಪಕ್ಕದಿಂದ ಒಂದೊಂದು. ಜೊತೆಗೆ ನಗುವ ಒಂದು ಸಣ್ಣ ವಿಡಿಯೋ. ಕೆಳಗಿನಿಂದ ತೆಗೆದದ್ದು ಬಹಳ ಮುಖ್ಯ, ಎರಡು ಹೊಳ್ಳೆಯ ವ್ಯತ್ಯಾಸ ಅಲ್ಲೇ ತಿಳಿಯುವುದು. ದಿನಾ ಬೆಳಿಗ್ಗೆ ನೋಡುವವರಿಗೆ ಬದಲಾವಣೆ ಕಾಣುವುದಿಲ್ಲ. ಪಕ್ಕ ಪಕ್ಕ ಇಟ್ಟು ನೋಡಿದಾಗ ಗೊತ್ತಾಗುತ್ತದೆ.

ಮುಂದೆ ಒಂದು ದಿನ ನಿಮ್ಮ ಮಗಳೇ ಅಂಕ ಹಾಕುತ್ತಾಳೆ. ನಾನು ಬಹಳ ಕಾಯುವುದು ಆ ಅಂಕಕ್ಕೆ. ಅದಕ್ಕಾಗಿಯೇ ಕ್ಲೆಫ್ಟ್-ಕ್ಯೂ ಎಂಬ ಪ್ರಶ್ನಾವಳಿ ಇದೆ. 8ರಿಂದ 29 ವರ್ಷದವರಿಗೆ. ಭಾರತವೂ ಸೇರಿ 12 ದೇಶಗಳಲ್ಲಿ ಪರೀಕ್ಷಿಸಿದ್ದು. ಮೂಗು, ಹೊಳ್ಳೆ, ತುಟಿ, ಹಲ್ಲು, ಗಾಯದ ಗೆರೆ ಇವುಗಳ ಬಗ್ಗೆ ಅವರಿಗೇ ಏನನ್ನಿಸುತ್ತದೆ ಎಂದು ಕೇಳುತ್ತದೆ. ಮಾತು, ಶಾಲೆ, ಗೆಳೆಯರ ವಿಷಯವೂ ಅದರಲ್ಲಿದೆ. ನಾವು ಕೊಡುವ ಅಂಕ ಮತ್ತು ಅವರು ಕೊಡುವ ಅಂಕ ಎಷ್ಟೋ ಸಲ ತಾಳೆಯಾಗುವುದಿಲ್ಲ. ಹೊನ್ನಾವರದ ಕಡೆಯ ಒಬ್ಬ ಹುಡುಗ, ಹವ್ಯಾಸಿ ಯಕ್ಷಗಾನದಲ್ಲಿ ವೇಷ ಮಾಡುತ್ತಾನೆ. ಅವನ ಮೂಗು ಸ್ವಲ್ಪ ವಾಲಿದೆ. ಅದನ್ನೇ ಸರಿಮಾಡಿಸಲು ಬಂದಿರಬೇಕು ಎಂದು ನಾನು ಗದ್ದ ಎತ್ತಿ ನೋಡುತ್ತಿದ್ದೆ. ಅವನು ನನ್ನ ಕೈ ಸರಿಸಿ ಮೀಸೆ ತೋರಿಸಿದ. ಗಾಯದ ಗೆರೆಯ ಮೇಲೆ ಕೂದಲು ಬರುವುದಿಲ್ಲ. ಚಿಗುರು ಮೀಸೆಯ ನಡುವೆ ಬೆಳ್ಳನೆಯ ಒಂದು ಸೀಳು. ‘ವೇಷದಲ್ಲಿ ಮೀಸೆ ಕಟ್ಟಿಕೊಂಡರೆ ಆಯ್ತು ಸರ್, ಕಾಲೇಜಿಗೆ ಕಟ್ಟಿಕೊಂಡು ಹೋಗ್ಲಿಕ್ಕೆ ಆಗ್ತದಾ?’ ಎಂದ. ಮೂಗಿನ ಮಾತೇ ಎತ್ತಲಿಲ್ಲ. ಆ ಗೆರೆಯ ಮೇಲೆ ಕೂದಲು ನೆಡುವ ವಿಧಾನ ಇದೆ, ಅದನ್ನು ಹೇಳಿ ಕಳಿಸಿದೆ. ನನಗೆ ಗೊತ್ತಿರುವ ಯಾವ ಅಂಕಪಟ್ಟಿಯಲ್ಲೂ ಮೀಸೆಗೆ ಜಾಗವಿಲ್ಲ.

ಮತ್ತೊಮ್ಮೆ ಮಾಡಿಸಬೇಕಾ ಎಂಬ ಪ್ರಶ್ನೆಗೆ ಈಗ ನೇರವಾಗಿ ಹೇಳುತ್ತೇನೆ. ಈಗ ಬೇಡ. ಒಂದೂವರೆ ವರ್ಷದ ನಂತರವೂ ಅಂಚು ತಪ್ಪಿದ್ದರೆ, ತುಟಿ ಗಿಡ್ಡವೇ ಉಳಿದರೆ, ಅಥವಾ ಸ್ನಾಯುವಿನ ಗಂಟು ಏಳುತ್ತಿದ್ದರೆ ಶಾಲೆಗೆ ಸೇರುವ ಮೊದಲು, ನಾಲ್ಕರಿಂದ ಆರು ವರ್ಷದೊಳಗೆ ತುಟಿ ಸರಿಮಾಡುತ್ತಾರೆ. ಬೇರೆ ಮಕ್ಕಳು ಕೇಳಲು ಶುರುಮಾಡುವ ಮೊದಲೇ ಮುಗಿದರೆ ಒಳ್ಳೆಯದು. ಮೂಗನ್ನು ಪೂರ್ತಿ ಬಿಚ್ಚಿ ನೆಟ್ಟಗೆ ಮಾಡುವ ಆಪರೇಷನ್ ಮಾತ್ರ ಮುಖ ಬೆಳೆದು ನಿಂತ ಮೇಲೆ. ಹುಡುಗಿಯರಿಗೆ 15–16, ಹುಡುಗರಿಗೆ ಒಂದೆರಡು ವರ್ಷ ತಡ. ಮೇಲ್ದವಡೆ ಹಿಂದೆ ಉಳಿದರೆ ಅದನ್ನು ಮುಂದೆ ತರುವ ಆಪರೇಷನ್ನೂ ಅದೇ ಹೊತ್ತಿಗೆ, ಮೂಗಿಗಿಂತ ಮೊದಲು. ಅಂಗುಳ ಸರಿಯಿರುವ ನಿಮ್ಮ ಮಗಳಿಗೆ ಅದು ಬೇಕಾಗುವ ಸಾಧ್ಯತೆ ಕಡಿಮೆ. ಮಾತಿನ ತೊಂದರೆಯೂ ಹೆಚ್ಚಾಗಿ ಅಂಗುಳ ಸೀಳಿದವರಿಗೇ.

ನಡುವಿನ ವರ್ಷಗಳಲ್ಲಿ ತೋರಿಸುವುದನ್ನು ಬಿಡಬೇಡಿ. ನಮ್ಮ ಕಡೆ ಆಗುವ ದೊಡ್ಡ ನಷ್ಟ ಇದೇ. ತುಟಿ ಕೂಡಿತು ಎಂದು ಮನೆಗೆ ಹೋದವರು ಕೋರೆಹಲ್ಲು ವಕ್ರವಾಗಿ ಹುಟ್ಟಿದ ಮೇಲೆ ಬರುತ್ತಾರೆ, ಅಷ್ಟರಲ್ಲಿ ಮೂಳೆ ತುಂಬುವ ಒಳ್ಳೆಯ ಹೊತ್ತು ದಾಟಿರುತ್ತದೆ. ಖರ್ಚಿನ ಯೋಚನೆ ಇದ್ದರೆ, ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ಪಟ್ಟಿಯಲ್ಲಿ ಸೀಳುತುಟಿಯೂ ಇದೆ. ನಿಮ್ಮ ಅಂಗನವಾಡಿಗೆ ತಪಾಸಣೆಗೆ ಬರುವ ತಂಡಕ್ಕೆ ಮಗುವನ್ನು ತೋರಿಸಿ ಹೆಸರು ಬರೆಸಿ, ಇಲ್ಲವೇ ಆಶಾ ಕಾರ್ಯಕರ್ತೆಯನ್ನು ಕೇಳಿ. ಸ್ಮೈಲ್ ಟ್ರೈನ್ ಸಂಸ್ಥೆಯ ಜೊತೆ ಕೈಜೋಡಿಸಿದ ಆಸ್ಪತ್ರೆಗಳಲ್ಲೂ ಈ ಆಪರೇಷನ್‌ಗಳು ಉಚಿತ.

ಬೇರೆ ಡಾಕ್ಟರಿಗೆ ಒಮ್ಮೆ ತೋರಿಸಬೇಕು ಅನ್ನಿಸಿದರೆ ಸಂಕೋಚ ಬೇಡ, ಮೊದಲಿನವರಿಗೆ ಅವಮಾನವೂ ಅಲ್ಲ. ಡಿಸ್ಚಾರ್ಜ್ ಕಾಗದ, ಆಪರೇಷನ್‌ಗೆ ಮುಂಚಿನ ಫೋಟೋ, ಈಗಿನ ನಾಲ್ಕು ಫೋಟೋ, ವಿಡಿಯೋ ಇಷ್ಟನ್ನು ತೆಗೆದುಕೊಂಡು ಹೋಗಿ. ಸ್ನಾಯು ಕೂಡಿದೆಯಾ, ಅಂಚು ಸರಿಯಿದೆಯಾ, ಒಸಡಿಗೆ ಮೂಳೆ ಯಾವ ವಯಸ್ಸಿಗೆ ತುಂಬುತ್ತೀರಿ, ಅಲ್ಲಿಯವರೆಗೆ ಹಲ್ಲಿನ ಡಾಕ್ಟರಿಗೆ ಯಾವಾಗ ತೋರಿಸಬೇಕು ಎಂದು ಕೇಳಿ ಬರೆಸಿಕೊಳ್ಳಿ.